ತೀರದಲ್ಲಿ ನಿಂತವರ ಕರ್ತವ್ಯ

(ಮಧ್ವನವಮಿಯಂದು ಹುಕ್ಕೇರಿಯಲ್ಲಿ ಮಾಡಿದ ಉಪನ್ಯಾಸದ ಸಾರ)



ಮಲ್ಪೆಯ ಸಮೀಪದ ವಡಭಾಂಡೇಶ್ವರದ ತೀರದಲ್ಲಿ ಸಂಕಟಕ್ಕೆ ಸಿಕ್ಕಿದ ಹಡಗನ್ನು ಶ್ರೀಮದಾಚಾರ್ಯರು ವಸ್ತ್ರವನ್ನು ಬೀಸಿ ದಡಕ್ಕೆ ಬರಮಾಡಿಕೊಂಡ ಪ್ರಸಂಗವನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ನಾವಿಕನು ಕೊಡಬಂದ ದ್ರವ್ಯವನ್ನು ಒಲ್ಲದೆ ಗೋಪೀಚಂದನದ ಗಡ್ಡೆಯನ್ನು ಮಾತ್ರ ಸ್ವೀಕರಿಸಿದರು. ಅದರೊಳಗಿಂದ ಶ್ರೀಕೃಷ್ಣನು ಪ್ರಕಟನಾದನು. ನಮ್ಮ ಭಕ್ತಿಯು ಸಹಜವಾಗಿಯೇ ಆ ಗಡ್ಡೆಯ ಕಡೆಗೆ ಓಡುತ್ತದೆ. ಆದರೆ ಅದಕ್ಕೂ ಮೊದಲು ಒಂದು ಕ್ಷಣವುಂಟು. ಸ್ನಾನಾಹ್ನಿಕಕ್ಕಾಗಿ ತೀರಕ್ಕೆ ಬಂದ ಯತಿಗಳು ಪರರ ಹಡಗನ್ನು ನೋಡಿ ಕೈಯೆತ್ತಿದರು. ಇಂದು ನಾನು ಆ ಕ್ಷಣವನ್ನು ಕುರಿತು ಮಾತ್ರ ಹೇಳಬಯಸುತ್ತೇನೆ.

ಅದೇ ಕಡಲಿನಲ್ಲಿ ಈಗ ಸಂಚರಿಸುವ ಹಡಗುಗಳೇ ಬೇರೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯನ್ನು ಕೊರೆದು 25 ಲಕ್ಷ ಟನ್ ಕಚ್ಚಾತೈಲಕ್ಕೆ ಸ್ಥಳ ಮಾಡಿದ್ದಾರೆ; ಆ ತೈಲವು ಬರುವುದು ಸಮುದ್ರಮಾರ್ಗವಾಗಿಯೇ. 2006ರ ಮೇ 30ರಂದು 'ಓಷನ್ ಸೆರಾಯಾ' ಎಂಬ ಹಡಗು ಕಾರವಾರದ ಬಳಿ ಬಂಡೆಗೆ ತಗುಲಿ, ಅದರ ಎಣ್ಣೆಯು ಕಾರವಾರದ ಮತ್ತು ದಕ್ಷಿಣ ಗೋವೆಯ ಮರಳನ್ನು ಕಪ್ಪುಗೊಳಿಸಿತು. 2022ರ ಜೂನಿನಲ್ಲಿ ಉಳ್ಳಾಲದ ಎದುರಿಗೆ 'ಪ್ರಿನ್ಸೆಸ್ ಮಿರಾಲ್' ಮುಳುಗಿತು. ಅದರಲ್ಲಿದ್ದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಪಡೆಯವರು ಉಳಿಸಿದರು, ಎಣ್ಣೆ ಸೋರೀತೆಂಬ ಭಯ ಮಾತ್ರ ದಡದವರಿಗೆ ಉಳಿಯಿತು. 2025ರ ಮೇ 25ರಂದು ಕೊಚ್ಚಿಯ ಆಚೆ 'ಎಂ.ಎಸ್.ಸಿ. ಎಲ್ಸಾ 3' ಮುಳುಗಿತು. ಮೂರೂ ಮಳೆಗಾಲದ ಬಾಗಿಲಿನಲ್ಲಿ ನಡೆದವು ಎಂಬುದನ್ನು ಗಮನಿಸಬೇಕು. ಕಡಲು ಕೆರಳಿದಾಗ ನೀರಿನ ಮೇಲೆ ಮಾಡಬಹುದಾದ ಕೆಲಸ ಅಲ್ಪ. ಉಳಿದದ್ದು ತೀರದವರ ಪಾಲಿಗೆ ಬರುತ್ತದೆ. ಆದುದರಿಂದ ಸಿದ್ಧತೆಯು ವೈಶಾಖದೊಳಗೆ ಮುಗಿದಿರಬೇಕು.

"ಆಚಾರ್ಯರ, ನಮ್ಮ ಹುಕ್ಕೇರಿಗೆ ಸಮುದ್ರ ಎಲ್ಲಿಂದ ಬಂತ್ರೀ?" ಎಂದು ಹಿರಿಯರೊಬ್ಬರು ಕೇಳಿದರು. ಯುಕ್ತವಾದ ಪ್ರಶ್ನೆಯೇ. ನಮ್ಮ ಘಟಪ್ರಭೆಯು ಕೃಷ್ಣೆಯನ್ನು ಕೂಡಿ ಪೂರ್ವಸಮುದ್ರಕ್ಕೆ ಹೋಗುವವಳು. ಆದರೆ 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿ ಗೋಕಾವಿಯ ಮನೆಗಳಲ್ಲಿ ನೀರು ನಿಂತಾಗ ನಾವು ಮಾಡಿದ್ದೇನು? ನಾನೂ ಅನ್ನದ ಬುಟ್ಟಿ ಹೊತ್ತು ಹೋದವನೇ. ಕುಡಿಯುವ ನೀರಿಗಾಗಿ ಕಾದಿದ್ದವರ ಮುಂದೆ ಅನ್ನದ ಮೇಲೆ ಅನ್ನ ತಂದಿಟ್ಟೆವು, ಅರ್ಧಕ್ಕರ್ಧ ಹಳಸಿತು. ಅಂತಃಕರಣವಿತ್ತು, ಅಭ್ಯಾಸವಿರಲಿಲ್ಲ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗಲೂ ವಿದ್ಯಾರ್ಥಿಗಳು, ಮೀನುಗಾರರು ರಾಡಿಯಂಥ ಎಣ್ಣೆಯನ್ನು ಬಕೆಟ್ಟುಗಳಲ್ಲಿ ಎತ್ತಿದರು, ಅನೇಕರು ತಕ್ಕ ರಕ್ಷಣೆಯಿಲ್ಲದೆ. ಅವರಿಗೆ ನಮಸ್ಕಾರ. ಆದರೆ ಆ ವಿಷವು ಚರ್ಮಕ್ಕೂ ಉಸಿರಿಗೂ ತಗಲುವಂಥದು.

ಚಿಕ್ಕಂದಿನಲ್ಲಿ ದೇವರ ದೀಪದ ಸಮೆಗಳನ್ನು ತಿಕ್ಕುವ ಸೇವೆ ನನ್ನದಾಗಿತ್ತು. ಒಣಬಟ್ಟೆಯಿಂದ ಜಿಡ್ಡನ್ನು ತೆಗೆಯದೆ ನೀರು ಸುರಿದೆನೆಂದರೆ ಕಲ್ಲು, ಕೈ, ಧೋತ್ರ ಎಲ್ಲವೂ ಎಣ್ಣೆಯೇ. ತಾಯಿಯವರ ಬೈಗಳು ಬೇರೆ. ತೀರದಲ್ಲಿಯೂ ಹೀಗೆಯೇ. ಎಣ್ಣೆ ಬರುವ ಮುನ್ನವೇ ದಡದ ಕಸ, ಕಟ್ಟಿಗೆ, ಪ್ಲಾಸ್ಟಿಕ್ಕುಗಳನ್ನು ತೆಗೆದಿಡಬೇಕು. ಎಣ್ಣೆ ತಾಗಿತೆಂದರೆ ಅದೆಲ್ಲವೂ ವಿಷದ ರಾಶಿಯಾಗುತ್ತದೆ. ಬಂದ ಮೇಲೆ ತುಳಿದಾಡಿದರೆ ಅದು ಮರಳಿನ ಆಳಕ್ಕೆ ಇಳಿಯುತ್ತದೆ. ಚಪ್ಪಟೆ ಸಲಿಕೆಯಿಂದ ಮೇಲ್ಪದರವನ್ನು ಮಾತ್ರ ಕೆರೆದು, ಭರತದ ನೀರು ತಲುಪದ ಎತ್ತರದಲ್ಲಿ ದಪ್ಪ ಹಾಳೆ ಹಾಸಿದ ಗುಂಡಿಯಲ್ಲಿ ಹಾಕಬೇಕು. ಮರಳನ್ನು ಆಳವಾಗಿ ಬಾಚಿದರೆ ಚೆಲ್ಲಿದ ಎಣ್ಣೆಗಿಂತ ಹಲವು ಪಟ್ಟು ಹೊಲಸು ಕೂಡುತ್ತದೆ. ಸಾಬೂನಿನ ಪುಡಿ ಸುರಿಯಕೂಡದು. ಎಣ್ಣೆ ಮೆತ್ತಿದ ಹಕ್ಕಿಯನ್ನು ಕಂಡರೆ ತಾವೇ ತೊಳೆಯದೆ ಬಲ್ಲವರಿಗೆ ತಿಳಿಸಬೇಕು. ಗಡಿ ಹಾಕಿದ ಸ್ಥಳದೊಳಕ್ಕೆ ಹೋದವನು ಕೈಗವಸು, ಬೂಟು, ಉಡುಪುಗಳನ್ನು ಗಡಿಯಲ್ಲಿಯೇ ಕಳಚಿ ಶುದ್ಧನಾಗದೆ ಹೊರಗೆ ಕಾಲಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಮಡಿಯನ್ನು ನಡೆಸಿಕೊಂಡು ಬಂದ ತಾಯಂದಿರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ!

1996ರ ರಾಷ್ಟ್ರೀಯ ಯೋಜನೆಯಂತೆ ಸಮುದ್ರದ ಮೇಲಿನ ಎಣ್ಣೆಯ ಹೊಣೆ ಕೋಸ್ಟ್ ಗಾರ್ಡಿನದು. ತೀರದಲ್ಲಿ ಸ್ಥಳೀಯ ಆಡಳಿತದವರು ಕರೆದಾಗ, ಕರೆದಲ್ಲಿಗೆ ಮಾತ್ರ ಹೋಗುವುದು ಸ್ವಯಂಸೇವಕನ ಮೊದಲ ನಿಯಮ. ಕೇರಳದಲ್ಲಿ ಎಲ್ಸಾದಿಂದ ತೇಲಿಬಂದ ಪ್ಲಾಸ್ಟಿಕ್ ಕಾಳುಗಳನ್ನು ಮರಳಿನಿಂದ ಆರಿಸಿದವರಲ್ಲಿ ಮೊದಲೇ ತರಬೇತಿ ಹೊಂದಿದ 'ಆಪದಾ ಮಿತ್ರ'ರಿದ್ದರು.

ಜನಸೇವೆಯು ಭಗವಂತನಿಗೆ ಸಲ್ಲಿಸುವ ಕರದಂತೆ ಎಂಬ ಅಭಿಪ್ರಾಯವನ್ನು ಆಚಾರ್ಯರು ಗೀತಾತಾತ್ಪರ್ಯದಲ್ಲಿ ತಿಳಿಸಿದ್ದಾರೆ. ದಾನವನ್ನು ಮನಸ್ಸು ಬಂದಾಗ ಕೊಡಬಹುದು. ಕರವನ್ನು ಅವಧಿಗೆ ಸರಿಯಾಗಿ ಕಟ್ಟಬೇಕು, ಅದಕ್ಕಾಗಿ ಮೊದಲೇ ಕೂಡಿಸಿಟ್ಟಿರಬೇಕು. ಕಾರವಾರ, ಉಡುಪಿ, ಮಂಗಳೂರುಗಳಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳಿಗೆ ಈ ಮಾತನ್ನು ಬರೆದು ತಿಳಿಸಿರಿ. ಅಲ್ಲಿಯ ತರಬೇತಿಗಳಲ್ಲಿ ಅವರು ಹೆಸರು ಕೊಡಲಿ. ಇಲ್ಲಿರುವ ನಮಗೆ ನಮ್ಮ ಹೊಳೆಯುಂಟು. ಬರುವ ದ್ವಾದಶಿಯ ಸಾಯಂಕಾಲ ದೇವಸ್ಥಾನದ ಪೌಳಿಯಲ್ಲಿ ಅಂಬಿಗರೊಬ್ಬರು ಹಗ್ಗದ ಗಂಟುಗಳನ್ನು ಕಲಿಸಲು ಒಪ್ಪಿರುವರು. ತರುಣರು ಬರಬೇಕು. ಮನೆಯಲ್ಲಿ ಹಳೆಯ ಬಾವಿಹಗ್ಗವಿದ್ದವರು ತರಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥