ಇಂದಿನ ಧಮ್ಮ ಚಿಂತನೆ: ನಿಂತಂತೆ ಕಂಡ ದೀಪಗಳು



2018ರ ನವೆಂಬರ್ 8, ನಸುಕಿನ ನಾಲ್ಕು ಗಂಟೆ. ನಾರ್ವೆಯ ಬೆರ್ಗೆನ್ ಬಳಿ, ದ್ವೀಪಗಳ ನಡುವಿನ ಕಡಲಲ್ಲಿ ‘ಹೆಲ್ಗೆ ಇಂಗ್‌ಸ್ಟಾಡ್’ ಎಂಬ ಯುದ್ಧನೌಕೆ ದಕ್ಷಿಣಕ್ಕೆ ಸಾಗುತ್ತಿತ್ತು. ಒಳಗೆ 137 ಜನ. ಸ್ವಲ್ಪ ಮುಂಚೆಯಷ್ಟೇ ಕಾವಲಿನ ಪಾಳಿ ಬದಲಾಗಿತ್ತು. ದೂರದ ಸ್ತುರೆ ತೈಲ ಬಂದರಿನಲ್ಲಿ ದೀಪಗಳ ಗುಂಪೊಂದು ಕಾಣುತ್ತಿತ್ತು. ಇಳಿಯುವವರೂ ಏರುವವರೂ ಅದರ ಬಗ್ಗೆ ಮಾತಾಡಿಕೊಂಡರು. ಅದು ನಿಂತಿರುವ ವಸ್ತು ಎಂಬ ತಿಳಿವಳಿಕೆ ಪಾಳಿಯ ಜೊತೆಗೇ ಕೈ ಬದಲಾಯಿತು.

ಅದು ‘ಸೋಲಾ ಟಿಎಸ್’ ಎಂಬ ತೈಲ ಹಡಗು. ಮೊದಲು ಕಂಡಾಗ ಅದು ದಡದಲ್ಲೇ ಇತ್ತು, ನೋಡಿದವರ ಕಣ್ಣು ತಪ್ಪಲಿಲ್ಲ. ಆಮೇಲೆ ಅದು ಕಚ್ಚಾ ತೈಲ ತುಂಬಿಕೊಂಡು ಹೊರಟಿತು. ಡೆಕ್ಕಿನ ದೀಪಗಳು ಉರಿಯುತ್ತಲೇ ಇದ್ದುದರಿಂದ ಬಂದರಿನ ಬೆಳಕಿನೊಳಗೇ ಬೆರೆತು ಕಂಡಿತು. ರೇಡಿಯೋದಲ್ಲಿ ಹೆಸರು ಹಿಡಿದು ಕೂಗಿ, ಬಲಕ್ಕೆ ತಿರುಗಿ ಎಂದರು. ತಿರುಗಿದರೆ ಆ ‘ನಿಂತ ವಸ್ತು’ವಿಗೆ ಹತ್ತಿರವಾಗುತ್ತೇವೆಂದು ನೌಕೆಯವರು ಒಪ್ಪಲಿಲ್ಲ. ತೈಲ ಹಡಗು ನೌಕೆಯ ಬಲಮಗ್ಗುಲನ್ನು ಉದ್ದಕ್ಕೆ ಸೀಳಿತು. ಜನರೆಲ್ಲ ಬದುಕಿದರು, ನೌಕೆ ಮುಳುಗಿತು.

ಅಂಗುತ್ತರ ನಿಕಾಯದಲ್ಲಿ ಭಗವಾನರು ನಾಲ್ಕು ವಿಪಲ್ಲಾಸಗಳನ್ನು ಹೇಳುತ್ತಾರೆ. ಮೊದಲನೆಯದೇ ಅನಿಚ್ಚವನ್ನು ನಿಚ್ಚವೆಂದು, ಬದಲಾಗುವುದನ್ನು ಬದಲಾಗದ್ದೆಂದು ಗುರುತಿಸುವುದು. ‘ವಿಪರ್ಯಾಸ’ ಎಂದು ನಾವು ಕನ್ನಡದಲ್ಲಿ ಹಗುರವಾಗಿ ಬಳಸುವ ಮಾತಿನ ಪಾಳಿ ರೂಪ ಅದು. ಎಂ.ಎ.ಯಲ್ಲಿ ಓದಿದ್ದೆ, ಅರ್ಥವಾಗಿದ್ದು ಈ ವರ್ಷ.

ಆ ಕಾವಲಿನವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಜೂನ್‌ನಲ್ಲಿ ನಾನು ಒಂಬತ್ತನೇ ತರಗತಿ ವಹಿಸಿಕೊಂಡಾಗ, ವರ್ಗವಾಗಿ ಹೊರಟಿದ್ದ ಸಹೋದ್ಯೋಗಿ ಹಾಜರಿ ಪುಸ್ತಕದ ಜೊತೆ ಒಂದು ಮಾತನ್ನೂ ಕೊಟ್ಟರು: “ಕೊನೇ ಬೆಂಚಿನ ಆ ಹುಡುಗ ಮೇಲೇಳೋದಿಲ್ಲ ಮೇಡಂ, ಅವನಿಗೆ ಟೈಮ್ ಕೊಡಬೇಡಿ.” ಎರಡನ್ನೂ ತೆಗೆದುಕೊಂಡೆ. ಅವನು ಎರಡು ಸಲ ಸ್ಟಾಫ್ ರೂಮಿನ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದ. ಎರಡು ಸಲವೂ “ನಾಳೆ ಬಾರೋ” ಎಂದೆ.

ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ನಿನ್ನೆ ಕಪಾಟಿನಲ್ಲಿದ್ದ ಅವನ ಪ್ರಬಂಧಗಳನ್ನು ಜೂನ್‌ನಿಂದ ವರಸೆಯಾಗಿ ಓದಿದೆ. ಆಗಸ್ಟ್ ಹೊತ್ತಿಗೆ ಒತ್ತಕ್ಷರ ತಿದ್ದಿಕೊಂಡಿದ್ದ. ಸೆಪ್ಟೆಂಬರ್‌ನಲ್ಲಿ ಅವರಮ್ಮ ಹೂ ಕಟ್ಟುವುದನ್ನು ಒಂದು ಪುಟ ಬರೆದಿದ್ದ, ಚೆನ್ನಾಗಿತ್ತು. ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ, ಒಂದೇ ಮಾತು: “ಗಮನ ಸಾಲದು.”

ಅವನ ಮನೆ ಎಲ್ಲಿ ಎಂದು ಹುಡುಗರನ್ನು ಕೇಳಿ ತಿಳಿದುಕೊಂಡಿದ್ದೇನೆ. ಇಂದು ಶಾಲೆ ಬಿಟ್ಟ ಮೇಲೆ ಆ ನೋಟ್‌ಬುಕ್ ಹಿಡಿದು ಹೋಗುತ್ತಿದ್ದೇನೆ. ಸಂಜೆಯ ಧ್ಯಾನಕ್ಕೆ ತಡವಾದರೆ ಕಾಯಬೇಡಿ.

ನಮೋ ಬುದ್ಧಾಯ.