ಆ 14 ಜನರ ಸಾಲ

ಕೀಮೋಥೆರಪಿ ಅಂದ್ರೆ ಕಳೆ ಸಾಯಲಿ ಅಂತ ಇಡೀ ಹೊಲಕ್ಕೆ ಔಷಧಿ ಹೊಡೆದ ಹಾಗೆ. ಪೈರೂ ಬಾಡುತ್ತೆ. ಕೂದಲು ಉದುರುತ್ತೆ, ಕೆಲವು ಔಷಧಿಗಳಿಂದ ಹೃದಯಕ್ಕೂ ಪೆಟ್ಟು. ಅದರ ಬದಲು, ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳಿಗೆ ಔಷಧಿ ಅಂಟಿಸಿ, ರಕ್ತಕ್ಕೆ ಬಿಟ್ಟು, ಹೊರಗಿನಿಂದ ಅಯಸ್ಕಾಂತ ಹಿಡಿದು ಗೆಡ್ಡೆಯ ಹತ್ತಿರವೇ ನಿಲ್ಲಿಸಿದರೆ? ಈ ಐಡಿಯಾ ಯಾರಿಗೆ ಇಷ್ಟ ಆಗಲ್ಲ ಹೇಳಿ?

ಇದನ್ನು ಮನುಷ್ಯರ ಮೇಲೆ ಪ್ರಯೋಗಿಸಿದ ಮೊದಲ ವರದಿ 1996ರಲ್ಲಿ ಜರ್ಮನಿಯಿಂದ ಬಂತು. ಔಷಧಿ ಎಪಿರುಬಿಸಿನ್. ರೋಗಿಗಳು 14 ಜನ, ಎಲ್ಲರದ್ದೂ ಕೈಮೀರುತ್ತಿದ್ದ ಕ್ಯಾನ್ಸರ್. ಕಣಗಳು ಗೆಡ್ಡೆಯವರೆಗೆ ಸರಿಯಾಗಿ ಹೋಗಿದ್ದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಈ ವಿಧಾನದ ಒಂದು ದೊಡ್ಡ ತೊಡಕು ನಮಗೆಲ್ಲ ಗೊತ್ತಿರೋದೇ. ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ, ಅಯಸ್ಕಾಂತ ತೆಗೆದು ಮರಳಲ್ಲಿ ಆಡಿದ ಹಳ್ಳಿ ಹುಡುಗರನ್ನು ಕೇಳಿ: ಸ್ವಲ್ಪ ಮೇಲೆತ್ತಿದರೂ ಸೆಳೆತ ಥಟ್ಟನೆ ಇಳಿಯುತ್ತೆ. ಮೈಯೊಳಗೆ ಆಳದಲ್ಲಿರೋ ಗೆಡ್ಡೆಯ ಕಥೆಯೂ ಅಷ್ಟೇ.

ನನ್ನನ್ನು ಕಾಡೋದು ಬೇರೆ ಪ್ರಶ್ನೆ. ಅದು ಮೊದಲ ಹಂತದ ಪ್ರಯೋಗ. ಅಲ್ಲಿ ವೈದ್ಯರು ಮುಖ್ಯವಾಗಿ ಕೇಳೋದು "ದೇಹ ಎಷ್ಟು ತಡೆದುಕೊಳ್ಳುತ್ತೆ?" ಅಂತ. ಸಹಿ ಹಾಕೋ ರೋಗಿ ಕೇಳೋದು "ನಾನು ಉಳೀತೀನಾ?" ಅಂತ. ಒಂದೇ ಕಾಗದ, ಎರಡು ಪ್ರಶ್ನೆ. ನಮ್ಮ ಕೋಡ್ ಕೆಟ್ಟರೆ ಹಳೇ ವರ್ಷನ್‌ಗೆ ವಾಪಸ್ ಹೋಗ್ತೀವಿ. ದೇಹಕ್ಕೆ ಆ ಸೌಲಭ್ಯ ಇಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತಾರಲ್ಲ, ಆ ಸ್ಥಿತಿಯಲ್ಲಿ ಹಾಕಿದ ಸಹಿಯನ್ನು ಒಪ್ಪಿಗೆ ಅನ್ನಬಹುದಾ?

ಹಾಗಂತ ಪ್ರಯೋಗವೇ ಬೇಡ ಅನ್ನೋಕೂ ಆಗಲ್ಲ. ಇವತ್ತು ಆಸ್ಪತ್ರೆಯಲ್ಲಿ ಸಿಗೋ ಪ್ರತಿ ಕ್ಯಾನ್ಸರ್ ಔಷಧಿಯನ್ನೂ ಯಾರೋ ಒಬ್ಬರು ಮೊದಲು ಮೈಗೆ ಹಾಕಿಸಿಕೊಂಡಿದ್ದಾರೆ. ಸಾಯುವ ಮನುಷ್ಯನಿಗೆ ಕೊಡುವ ಶಕ್ತಿಯೇ ಇಲ್ಲ ಅಂದುಕೊಳ್ಳೋದು ಕೂಡ ಅವನಿಗೆ ಮಾಡೋ ಅವಮಾನ. "ಇದರಿಂದ ನಿಮಗೆ ಗುಣ ಆಗೋ ಸಾಧ್ಯತೆ ಕಡಿಮೆ, ನಿಮ್ಮ ನಂತರ ಬರೋರಿಗೆ ಉಪಯೋಗ ಆಗಬಹುದು" ಅಂತ ಅವರ ಭಾಷೆಯಲ್ಲೇ, ಮುಖ ನೋಡಿ ಹೇಳಬೇಕು. ಆಮೇಲೂ ಸಹಿ ಹಾಕಿದರೆ ಅದು ದಾನ. ಆಸೆ ತೋರಿಸಿ ಹಾಕಿಸಿಕೊಂಡರೆ ಲೂಟಿ. ಎರಡೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ, ಕಷ್ಟ ಇರೋದೇ ಅಲ್ಲಿ.

ದಾನ ಪಡೆದವರಿಗೆ ಸಾಲ ಇದ್ದೇ ಇರುತ್ತೆ. ಕೊಟ್ಟವರಿಗೆ ಹಿಂದಿರುಗಿಸೋಕಾಗಲ್ಲ, ಮುಂದಿನವರಿಗೆ ತೀರಿಸಬಹುದು. ಹೇಗೆ? ಗೆದ್ದಿದ್ದನ್ನಷ್ಟೇ ಅಲ್ಲ, ಸೋತಿದ್ದನ್ನೂ ಮುಚ್ಚಿಡದೆ ಬರೆಯೋದರಿಂದ. "ಅರ್ಧ ಜನರಲ್ಲಿ ಮಾತ್ರ ತಲುಪಿತು" ಅಂತ ದಾಖಲಿಸಿದರಲ್ಲ, ಅದು ಆ ಸಾಲದ ಮೊದಲ ಕಂತು.