ಶ್ರವಣವೂ ಸಹವಾಸವೂ

ಯೋಗಾಭ್ಯಾಸವು ಏಕಾಂತದ ಸಾಧನೆಯೋ, ಸಜ್ಜನರ ಸಂಗದಲ್ಲಿ ನಡೆಯತಕ್ಕ ಸಾಧನೆಯೋ ಎಂಬ ಪ್ರಶ್ನೆ ಹೊಸದಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು, ಯೋಗಿಯಾದವನು ಏಕಾಕಿಯಾಗಿ, ಶುಚಿಯಾದ ಸ್ಥಳದಲ್ಲಿ, ಅತಿ ಎತ್ತರವೂ ಅತಿ ತಗ್ಗೂ ಅಲ್ಲದ ಆಸನದಲ್ಲಿ ಕುಳಿತು ಮನಸ್ಸನ್ನು ನಿಲ್ಲಿಸಬೇಕೆಂದು ಉಪದೇಶಿಸಿದ್ದಾನೆ. ಹತ್ತನೆಯ ಅಧ್ಯಾಯದಲ್ಲಾದರೋ, ಭಕ್ತರು ಪರಸ್ಪರ ಬೋಧಿಸುತ್ತ, ತನ್ನ ವಿಷಯವನ್ನೇ ಮಾತನಾಡಿಕೊಳ್ಳುತ್ತ ಸಂತೋಷಪಡುವರೆಂದು ಹೇಳಿದ್ದಾನೆ. ಈ ಎರಡು ಮಾತುಗಳನ್ನು ಒಟ್ಟಿಗೆ ಚಿಂತಿಸುವಂತೆ ಮಾಡಿದ ಒಂದು ಚಿಕ್ಕ ಪ್ರಸಂಗವನ್ನು ವಾಚಕರ ಮುಂದಿಡಬಯಸುತ್ತೇನೆ.

ನನ್ನ ಅಕ್ಕ ತೀರ್ಥಹಳ್ಳಿಯ ತುಂಗಾತೀರದಲ್ಲಿ ಬೆಳೆದು, ಹೊಸನಗರದ ಕಡೆಯ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಹೋದವರು. ಈಗ ಎಪ್ಪತ್ತು ದಾಟಿದೆ. ಕಿವಿ ಮಂದವಾಗಿ ಹತ್ತು ವರ್ಷಗಳಾದುವು. ಕಳೆದ ವರ್ಷ ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ, ಸೊಸೆಯ ಒತ್ತಾಯಕ್ಕೆ ಅಲ್ಲಿಯ ಒಂದು ಯೋಗದ ತರಗತಿಗೆ ಸೇರಿದರು. ಅಲ್ಲಿ ಬಂದವರೆಲ್ಲರಿಗೂ ತಂತಿಯಿಲ್ಲದ ಒಂದೊಂದು ಹೆಡ್‌ಫೋನ್ ಕೊಡುವರಂತೆ. ಶಿಕ್ಷಕರು ಬಾಯಿಯ ಬಳಿಯ ಸಣ್ಣ ಮೈಕಿನಲ್ಲಿ ಪಿಸುಮಾತಿನಲ್ಲಿ ಹೇಳಿದ್ದು ರೇಡಿಯೋ ತರಂಗವಾಗಿ ಹೊರಟು ಪ್ರತಿಯೊಬ್ಬರ ಕಿವಿಗೂ ಮುಟ್ಟುತ್ತದೆ. ಧ್ವನಿಯನ್ನು ಅವರವರೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹೊರಗಿನಿಂದ ನೋಡುವವರಿಗೆ ಮೂವತ್ತು ಜನರು ಮೌನದಲ್ಲಿ ಒಟ್ಟಿಗೆ ಬಾಗಿ ಏಳುವುದಷ್ಟೇ ಕಾಣುತ್ತದೆ.

“ಇಷ್ಟು ವರ್ಷದ ಮೇಲೆ ಒಬ್ಬರ ಮಾತು ಪೂರ್ತಿ ಕೇಳಿಸಿತು ಕಣೋ” ಎಂದು ಅಕ್ಕ ಹೇಳಿದಾಗ ನನಗೆ ನಾಚಿಕೆಯಾಯಿತು. ನಮ್ಮೂರಿನ ಪ್ರವಚನಗಳಿಗೆ ಅವರು ತಪ್ಪದೆ ಬರುತ್ತಿದ್ದರು. ಆಚಾರ್ಯರ ತುಟಿಗಳನ್ನೇ ನೋಡುತ್ತ, ಇತರರು ತಲೆದೂಗಿದಾಗ ತಾವೂ ತಲೆದೂಗುತ್ತ ಕುಳಿತಿರುತ್ತಿದ್ದರೆಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ.

ಗುರುವಿನ ಧ್ವನಿ ಶಿಷ್ಯನನ್ನು ಮುಟ್ಟುವ ಬಗೆ ಕಾಲಕಾಲಕ್ಕೆ ಬದಲಾಗಿದೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾದಾಗ ಗುರುವಿನ ಬರಿಯ ಕಂಠವೂ ಕಣ್ಣೂ ಸಾಕಾಗಿದ್ದುವು. ಅದೇ ಮೈಸೂರಿನಲ್ಲಿ 2017ರ ಜೂನ್ 21ರಂದು 55 ಸಾವಿರಕ್ಕೂ ಹೆಚ್ಚು ಮಂದಿ ಏಕಕಾಲದಲ್ಲಿ ಯೋಗಾಸನ ಮಾಡಿದರು. ಅಂತಹ ಸಮೂಹಕ್ಕೆ ಧ್ವನಿವರ್ಧಕವು ಅನಿವಾರ್ಯ. ಆದರೆ ಧ್ವನಿವರ್ಧಕವು ಕೇಳಬಯಸುವವನನ್ನೂ ಬಯಸದವನನ್ನೂ, ರೋಗಿಯನ್ನೂ, ಓದುವ ಮಗುವನ್ನೂ ಬಿಡುವುದಿಲ್ಲ. ಆದುದರಿಂದಲೇ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಅದಕ್ಕೆ ಕಡಿವಾಣ ಹಾಕಿದುವು. ಹೆಡ್‌ಫೋನಿನಲ್ಲಿ ಪರಪೀಡೆಯ ಈ ದೋಷವಿಲ್ಲ. ಜೀವರು ಪರಸ್ಪರ ಭಿನ್ನರು, ಅವರ ಯೋಗ್ಯತೆಯೂ ಭಿನ್ನ ಎಂದು ನಂಬುವ ನಮಗೆ, ಒಂದೇ ಉಪದೇಶವನ್ನು ಅವರವರ ಶಕ್ತಿಗೆ ತಕ್ಕಂತೆ ಮುಟ್ಟಿಸುವ ಸಾಧನವು ಅಪ್ರಿಯವಾಗಬೇಕಾದುದೂ ಇಲ್ಲ.

ಇಷ್ಟಾಗಿಯೂ ಅಕ್ಕ ಹೇಳಿದ ಮುಂದಿನ ಸಂಗತಿ ನನ್ನನ್ನು ಚಿಂತೆಗೀಡುಮಾಡಿತು. ಒಂದು ದಿನ ಎಲ್ಲರೂ ಕಣ್ಣುಮುಚ್ಚಿ ಶವಾಸನದಲ್ಲಿ ಮಲಗಿದ್ದಾಗ, ಅಕ್ಕನ ಪಕ್ಕದ ಹೆಂಗಸಿಗೆ ಉಸಿರು ಕಟ್ಟಿದಂತಾಯಿತು. ಆಕೆ ಕೂಗಿದಳು. ಯಾರೂ ಏಳಲಿಲ್ಲ. ಶಿಕ್ಷಕರೂ ಕಣ್ಣುಮುಚ್ಚಿ ಹೇಳುತ್ತಿದ್ದರು. ಕೊನೆಗೆ ಓಡಿಬಂದವನು ಬಾಗಿಲಲ್ಲಿದ್ದ ಕಾವಲುಗಾರ. ಅಲ್ಲಿ ಹೆಡ್‌ಫೋನ್ ಇಲ್ಲದಿದ್ದವನು ಅವನೊಬ್ಬನೇ. ದೇವರ ದಯೆಯಿಂದ ಆಕೆ ನೀರು ಕುಡಿದು ಸುಧಾರಿಸಿಕೊಂಡಳು. “ಅವಳು ನನ್ನಿಂದ ಒಂದು ಮಾರು ದೂರದಲ್ಲಿ ಇದ್ದಳು. ನನಗೆ ಕೇಳಿಸದೆ ಇರುವುದು ಹೊಸತಲ್ಲ. ಅವತ್ತು ಕಿವಿ ಚೆನ್ನಾಗಿರುವವರಿಗೂ ಕೇಳಿಸಲಿಲ್ಲ” ಎಂದು ಅಕ್ಕ ಸುಮ್ಮನಾದರು.

ಇಲ್ಲಿ ದೋಷವು ಯಾರದು? ಯಂತ್ರದ ಮೇಲೆ ಹೊರಿಸುವುದು ಸುಲಭ. ಆದರೆ ಹೆಡ್‌ಫೋನ್ ಇಲ್ಲದೆಯೇ ನೆರೆಯವರ ನರಳಾಟ ಕೇಳಿಸದ ಕಿವಿಗಳು ಲೋಕದಲ್ಲಿ ಕಡಮೆಯೇ? ಪ್ರತ್ಯಾಹಾರವೆಂದರೆ ಇಂದ್ರಿಯಗಳನ್ನು ವಿಷಯಭೋಗದಿಂದ ಹಿಂದೆಗೆಯುವುದೇ ಹೊರತು ಪರರ ದುಃಖದಿಂದ ಹಿಂದೆಗೆಯುವುದಲ್ಲ. ಏಕಾಕಿಯಾಗಿ ಕುಳಿತುಕೋ ಎಂದ ಆ ಆರನೆಯ ಅಧ್ಯಾಯದಲ್ಲಿಯೇ ಭಗವಂತನು, ಇತರರ ಸುಖದುಃಖಗಳನ್ನು ತನ್ನವುಗಳಂತೆಯೇ ಕಾಣುವವನು ಪರಮಯೋಗಿಯೆಂದೂ ಹೇಳಿದ್ದಾನೆ. ಆದುದರಿಂದ ಏಕಾಂತವು ಸಾಧನೆಯ ಸ್ಥಳವೇ ಹೊರತು ಉಪೇಕ್ಷೆಗೆ ಆಶ್ರಯವಲ್ಲ.

ನಮ್ಮ ಮಲೆನಾಡಿನ ಹಿರಿಯರಿಗೆ ಇದರ ಅಭ್ಯಾಸವಿತ್ತು. ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವಾಗ ಒಬ್ಬರು ಪುರಾಣದ ಕಥೆ ಹೇಳುತ್ತಿದ್ದರು. ಕೈ ಅಡಿಕೆಯಲ್ಲಿ, ಕಿವಿ ಕಥೆಯಲ್ಲಿ. ಆದರೂ ಒಬ್ಬರ ಬೆರಳು ಕೊಯ್ದರೆ ಆ ಸಾಲಿಗೆಲ್ಲ ತಿಳಿಯುತ್ತಿತ್ತು. ಹಾಗೆಂದು ಹಿಂದಿನದೆಲ್ಲವೂ ಚೆನ್ನೆಂದು ಹೇಳಲಾರೆ. ಆ ಜಗಲಿಯ ಮೂಲೆಯಲ್ಲಿ ಕಿವಿ ಕೇಳದ ಮುದುಕರು ಒಂಟಿಯಾಗಿಯೇ ಕುಳಿತಿರುತ್ತಿದ್ದರು. ಅವರಿಗೆ ಕಥೆಯನ್ನು ಮುಟ್ಟಿಸುವ ಯೋಚನೆ ನಮಗೆ ಬರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಪ್ರವಚನಗಳನ್ನು ಏರ್ಪಡಿಸುವ ಸಜ್ಜನರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಕಿವಿ ಮಂದವಾದ ವೃದ್ಧರಿಗಾಗಿ ಇಂತಹ ನಾಲ್ಕಾರು ಹೆಡ್‌ಫೋನುಗಳನ್ನು ಒದಗಿಸಬಹುದು. ಧ್ವನಿವರ್ಧಕದ ಅಬ್ಬರವನ್ನು ಅಷ್ಟರಮಟ್ಟಿಗೆ ತಗ್ಗಿಸಬಹುದು. ಅದರೊಡನೆ, ಅವುಗಳನ್ನು ಧರಿಸಿದವರ ಬಳಿಯಲ್ಲಿ ಧರಿಸದವರೊಬ್ಬರು ಕುಳಿತಿರಲಿ. ಶ್ರವಣವನ್ನು ಒದಗಿಸುವುದು ಪುಣ್ಯಕಾರ್ಯ. ಕೇಳುತ್ತಿರುವವರನ್ನು ನೋಡಿಕೊಳ್ಳುವುದೂ ಅದರದೇ ಅಂಗ.

ಅಕ್ಕ ಆ ತರಗತಿಯನ್ನು ಬಿಡಲಿಲ್ಲ. ಊರಿಗೆ ಮರಳುವವರೆಗೂ ಹೋದರಂತೆ. ಆದರೆ ಶವಾಸನದಲ್ಲಿ ಎಲ್ಲರೂ ಕಣ್ಣುಮುಚ್ಚಿದಾಗ ತಾವು ಆಗಾಗ ಕಣ್ಣು ತೆರೆದು ಎಡಬಲದವರ ಮುಖವನ್ನೊಮ್ಮೆ ನೋಡುತ್ತಿದ್ದರಂತೆ. “ಅದರಿಂದ ಚಿತ್ತ ಚಂಚಲವಾಗುವುದಿಲ್ಲವೇ ಅಕ್ಕಾ?” ಎಂದು ಕೇಳಿದೆ. “ಆಗುತ್ತದೆ. ಆಗಲಿ ಬಿಡು” ಎಂದರು.

॥ ಶ್ರೀಕೃಷ್ಣಾರ್ಪಣಮಸ್ತು ॥